ಫೋನಿನಲ್ಲಿ ತುಳು ಇಲ್ಲ

ಮೂಡುಬಿದಿರೆ
9 ಜೂನ್ 2024

ಮನುವಿನ ಪಪ್ಪನಿಗೆ,

ಈಗ ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಮನೆಯ ಹಿಂದಿನ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿತು, ಎಚ್ಚರವಾಯಿತು. ಮಕ್ಕಳನ್ನು ಓದಲು ಎಬ್ಬಿಸುವ ಗಂಟೆ ಅದು. ಅವರು ಏಳುತ್ತಾರೋ ಇಲ್ಲವೋ, ನಾನಂತೂ ದಿನಾ ಏಳುತ್ತೇನೆ. ಎದ್ದ ಕೂಡಲೇ ಮನುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ನರ್ಸಿಂಗ್ ಓದಿದವಳು ಹೀಗೆ ಮಾಡುತ್ತಾಳಾ ಎಂದು ನೀವು ನಗುತ್ತಿದ್ದಿರಿ. ಈಗ ನಗುವವರಿಲ್ಲ, ಹಾಗಾಗಿ ಎರಡೆರಡು ಸಲ ನೋಡುತ್ತೇನೆ.

ಮನೆ ಹಿಡಿಸಿದೆ. ಮೆಲ್ಕಾರಿನ ನಮ್ಮ ಹಳೆಯ ಕೋಣೆಯಲ್ಲಿದ್ದ ಹಾಗೆ ಹೆದ್ದಾರಿಯ ಲಾರಿಗಳ ಸದ್ದಿಲ್ಲ. ಬಸದಿಯ ಹಿಂದಿನ ಓಣಿ. ಕೆಳಗೆ ಮನೆಯ ಯಜಮಾನಿ ಪ್ರಭಾವತಿ ಅಮ್ಮ, ಮೇಲೆ ನಾನು ಮತ್ತು ಮನು. ಅವರು ಜೈನರಲ್ಲವಾ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಅಡುಗೆಮನೆಯ ದೀಪ ಆರಿಸುತ್ತಾರೆ. ಆಮೇಲೆ ನಾನು ಒಗ್ಗರಣೆ ಹಾಕಿದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಅವರು ಏನೂ ಹೇಳುವವರಲ್ಲ. "ಹಾಲು ಕುಡಿಯುವ ಮಗುವಿನ ತಾಯಿ ನೀನು, ಉಣ್ಣು ಮಗಾ" ಎನ್ನುತ್ತಾರೆ.

ಜರ್ಮನ್ ಕ್ಲಾಸು ಶುರುವಾಗಿ ಒಂದು ವಾರ. ಕಲಿಸುವ ಗ್ರೀಷ್ಮಾ ಮೇಡಂ ನನಗಿಂತ ಚಿಕ್ಕವರು. ಇಡೀ ಕ್ಲಾಸಿನಲ್ಲಿ ಮದುವೆಯಾಗಿ ಮಗು ಇರುವವಳು ನಾನೊಬ್ಬಳೇ. ಪಕ್ಕದಲ್ಲಿ ಕೂರುವ ರಿಫಾ ಈಗಷ್ಟೇ ನರ್ಸಿಂಗ್ ಮುಗಿಸಿದ ಹುಡುಗಿ, ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ. ನನಗೆ ಒಂದು ಕಿವಿಯಲ್ಲಿ ಜರ್ಮನ್, ಇನ್ನೊಂದು ಕಿವಿಯಲ್ಲಿ ಮನು ಅಳುತ್ತಿದ್ದಾನೋ ಎಂಬ ಯೋಚನೆ. ಜರ್ಮನಿನಲ್ಲಿ ಮೇಜು ಗಂಡು, ಬಾಗಿಲು ಹೆಣ್ಣು, ಹುಡುಗಿ ಮಾತ್ರ ಎರಡೂ ಅಲ್ಲ ಎಂದು ಮೇಡಂ ಹೇಳಿದಾಗ ಎಲ್ಲರೂ ಬರೆದುಕೊಂಡರು. ನಾನು ಯಾಕೆ ಎಂದು ಕೇಳಿದೆ. "ಯಾಕೆ ಅಂತ ಕೇಳುವ ಪ್ರಾಯ ದಾಟಿತು ವಿಸ್ಮಿತಾ, ಬಾಯಿಪಾಠ ಮಾಡಿ" ಎಂದರು. ಇಪ್ಪತ್ತೊಂಬತ್ತಕ್ಕೆ ಆ ಪ್ರಾಯ ದಾಟುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೇಡಂ ಇನ್ನೊಂದು ಮಾತು ಹೇಳಿದರು. ದಿನಕ್ಕೆ ಒಂದು ಹೊತ್ತಾದರೂ ಆ ಭಾಷೆಯಲ್ಲೇ ಬದುಕಬೇಕಂತೆ. ನಾನು ಯಾರ ಹತ್ತಿರ ಬದುಕಲಿ? ಮನುವಿಗೆ ತುಳುವೇ ಇನ್ನೂ ಸರಿ ಬಂದಿಲ್ಲ. ನೀವೊಬ್ಬರೇ ಇರುವುದು. ಅದಕ್ಕೆ ಒಂದು ನಿಯಮ ಮಾಡಿದ್ದೇನೆ, ಬೇಡ ಅನ್ನಬೇಡಿ. ಇನ್ನು ಮೇಲೆ ಫೋನಿನಲ್ಲಿ ನಾವು ಜರ್ಮನ್ ಮಾತ್ರ ಮಾತಾಡುವ. ತುಳು ಇಲ್ಲ. ಹೇಳಲಿಕ್ಕೆ ಬಾರದೆ ಉಳಿದದ್ದನ್ನು ಹೀಗೆ ಇಮೇಲಿನಲ್ಲಿ ಪತ್ರ ಬರೆಯುವ. ತುಳು ಮಾತಾಡಿದ್ದಲ್ಲದೆ ಬರೆದು ನಮಗೆ ಗೊತ್ತಿಲ್ಲ, ಶಾಲೆಯಲ್ಲಿ ಬರೆಸಿದ್ದು ಕನ್ನಡ. ಹಾಗಾಗಿ ಪತ್ರದಲ್ಲಿ ನಾವಿಬ್ಬರೂ ಸ್ವಲ್ಪ ಮಾಸ್ಟ್ರ ಹಾಗೆ ಕಾಣಬಹುದು. ಕಾಣಲಿ. ನೀವು ಜರ್ಮನಿಯಲ್ಲಿ ಮುಂದಿನ ಪರೀಕ್ಷೆ ಪಾಸಾಗಿ ಪೂರ್ತಿ ನರ್ಸ್ ಆಗಬೇಕು, ನಾನು ಇಲ್ಲಿ ಕಲಿತು ಮನುವನ್ನು ಎತ್ತಿಕೊಂಡು ನಿಮ್ಮ ಹತ್ತಿರ ಬರಬೇಕು. ಒಂದು ವರ್ಷ ಹಲ್ಲು ಕಚ್ಚಿದರೆ ಆಯಿತು.

ಅವನು ಎದ್ದ. ನಿಲ್ಲಿಸುತ್ತೇನೆ.

ನಿಮ್ಮ ವಿಸ್ಮಿ


ಕಾಸೆಲ್ ಹತ್ತಿರ
25 ಜೂನ್ 2024

ವಿಸ್ಮಿ,

ನಿನ್ನ ನಿಯಮ ಒಪ್ಪಿದೆ. ಒಪ್ಪದೆ ಎಲ್ಲಿಗೆ ಹೋಗಲಿ? ಮೊನ್ನೆ ಫೋನಿನಲ್ಲಿ, "ನಾನು ಅನ್ನ ತಿನ್ನುತ್ತೇನೆ, ಮಗು ಅನ್ನ ತಿನ್ನುತ್ತದೆ, ನೀನು ಅನ್ನ ತಿನ್ನುತ್ತೀಯಾ?" ಎಂದು ಒಂದನೇ ಕ್ಲಾಸಿನ ಪಾಠದ ಹಾಗೆ ಓದಿದೆಯಲ್ಲ, ಇಟ್ಟ ಮೇಲೆ ಒಬ್ಬನೇ ನಕ್ಕೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಸಲ ನನ್ನನ್ನು 'ನೀನು' ಎಂದೆ ಮಾರಾಯ್ತಿ! ಅಮ್ಮ ಕೇಳಿದ್ದರೆ ಗೊತ್ತಿತ್ತು.

ಇಲ್ಲಿ ನನ್ನನ್ನು ಇನ್ನೂ ಸಹಾಯಕ ಎಂದೇ ಬರೆಯುತ್ತಾರೆ. ಪರೀಕ್ಷೆ ಪಾಸಾಗುವವರೆಗೆ ಇಂಜೆಕ್ಷನ್ ಮುಟ್ಟುವ ಹಾಗಿಲ್ಲ. ಮೀಯಿಸುವುದು, ಉಣಿಸುವುದು, ಹಾಸಿಗೆ ಬದಲಿಸುವುದು. ಕೆಲಸ ಭಾರವಲ್ಲ, ವೃದ್ಧಾಶ್ರಮ ಚಂದ ಉಂಟು.

ಒಬ್ಬ ಅಜ್ಜ ಇದ್ದಾರೆ. ಇಡೀ ದಿನ ಕಿಟಕಿಯ ಹತ್ತಿರ ಕೂರುತ್ತಾರೆ, ನಾನು ಕಿಟಕಿ ಅಜ್ಜ ಎಂದು ಹೆಸರಿಟ್ಟಿದ್ದೇನೆ. ಮರೆವಿನ ಕಾಯಿಲೆ. ಜೀವನವಿಡೀ ದನ ಸಾಕಿದವರು. ಸಂಜೆಯಾದರೆ ಹಾಲು ಕರೆಯಲು ಹೊತ್ತಾಯಿತು ಎಂದು ಎದ್ದು ಹೊರಡುತ್ತಾರೆ, ತಡೆದರೆ ಹೊಡೆಯಲು ಬರುತ್ತಾರೆ. ಅವರದ್ದು ಹಳ್ಳಿಯ ಮಾತು, ಇಲ್ಲಿನ ಹುಡುಗಿಯರಿಗೇ ತಿಳಿಯುವುದಿಲ್ಲ, ಇನ್ನು ನನಗೆ? ಮೊನ್ನೆ ಏನೂ ತೋಚದೆ ತುಳುವಿನಲ್ಲಿ ಹೇಳಿದೆ: ದನಗಳೆಲ್ಲ ಹಟ್ಟಿಗೆ ಬಂದಾಯಿತು ಅಜ್ಜ, ಅಮ್ಮ ಹಾಲು ಕರೆಯುತ್ತಿದ್ದಾರೆ, ನೀವು ಕೂತುಕೊಳ್ಳಿ. ನನ್ನ ಮುಖ ನೋಡಿದರು. ಕೂತರು. ಈಗ ದಿನಾ ಸಂಜೆ ನಾವಿಬ್ಬರೂ ಹಟ್ಟಿಯ ವಿಷಯ ಮಾತಾಡುತ್ತೇವೆ, ಅವರು ಅವರದ್ದರಲ್ಲಿ, ನಾನು ನನ್ನದರಲ್ಲಿ. ಜಗಳವೇ ಇಲ್ಲ.

ಮನುವಿಗೆ ಮುತ್ತು. ಮೂಗಿನ ಹತ್ತಿರ ಬೆರಳು ಹಿಡಿದು ಅವನನ್ನು ಎಬ್ಬಿಸಬೇಡ.

ನಿನ್ನ ಜೇಪಿ


ಮೂಡುಬಿದಿರೆ
4 ಆಗಸ್ಟ್ 2024

ಮನುವಿನ ಪಪ್ಪನಿಗೆ,

ಮೊದಲು ಬೈಯುವ ವಿಷಯ. ಆ ಕಿಟಕಿ ಅಜ್ಜನ ಹತ್ತಿರ ತುಳು ಮಾತಾಡುವುದನ್ನು ಬಿಡಿ. ಮೇಡಂ ಹತ್ತಿರ ಹೇಳಿದೆ, ಅವರು ತಲೆಗೆ ಕೈ ಇಟ್ಟುಕೊಂಡರು. ಸಂಜೆಯ ಆ ಹೊತ್ತು ನಿಮಗೆ ಜರ್ಮನ್ ಅಭ್ಯಾಸ ಮಾಡಲು ಸಿಕ್ಕ ಹೊತ್ತು, ಅದನ್ನೂ ತುಳುವಿಗೆ ಕೊಟ್ಟರೆ ಪರೀಕ್ಷೆಯಲ್ಲಿ ಬಾಯಿ ತೆರೆಯುವುದು ಹೇಗೆ? ನನಗೆ ಕೂಡ ಇಲ್ಲಿ ದಿನಕ್ಕೆ ನೂರು ಸಲ ತುಳು ಬಾಯಿಗೆ ಬರುತ್ತದೆ. ನುಂಗುತ್ತೇನೆ.

ಪ್ರಭಾವತಿ ಅಮ್ಮ ಮೊನ್ನೆ ಮೆಟ್ಟಿಲಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದರು, "ಮಗಾ, ನಿನ್ನ ಯಜಮಾನರು ಬಿಳಿಯವರಾ?" ಎಂದು. ಅಲ್ಲ ಅಮ್ಮ, ಬೆಳ್ತಂಗಡಿಯಿಂದ ಆಚೆಯವರು ಎಂದೆ. ನಂಬಿದರೋ ಇಲ್ಲವೋ.

ಅತ್ತೆ ಬಂದು ಹೋದರು. ಗುಡ್ಡದ ಬುಡದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲವಲ್ಲ, ಫೋನಿನಲ್ಲಿ ನಿಮ್ಮ ಮುಖ ನೋಡಬೇಕೆಂದೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಬಂದರು. ಹಿಂದಿನ ದಿನ ನಾವು ಮಾತಾಡಿದ್ದನ್ನು ಮನು ಹೇಳಿ ತೋರಿಸಿದ. ಅದಕ್ಕೆ ಅತ್ತೆ, "ಎಂತ ಮಾರಾಯ್ತಿ, ಗಂಡ ಹೆಂಡತಿ ಗೂಟ ಗೂಟ ಅಂತ? ಯಾರ ದನ ಕಟ್ಟಲಿಕ್ಕೆ?"

"ಗೂಟ್ ಅಂದರೆ ಒಳ್ಳೆಯದು ಅಂತ ಅತ್ತೆ."

"ಹಾಗಾದರೆ ನಮ್ಮ ಹಟ್ಟಿ ತುಂಬ ಒಳ್ಳೆಯದೇ ಉಂಟು."

ನಿಮಗೆ ಫೋನ್ ಹಚ್ಚುವ ಮೊದಲು ಅವರಿಗೆ ನಿಯಮ ಹೇಳಿದೆ. "ಫೋನಿನಲ್ಲಿ ತುಳು ಇಲ್ಲ ಅತ್ತೆ."

"ನನಗೆ ಕೂಡವಾ?"

"ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಟ್ಟ ಹಾಗೆ. ಅವರಿಗೋಸ್ಕರವೇ ಹೇಳುವುದು."

ಅವರು ಅಲಸಂಡೆಯ ಬುಟ್ಟಿ ಹತ್ತಿರ ಎಳೆದುಕೊಂಡರು. ಆಮೇಲೆ, "ಹಾಗಾದರೆ ನನಗೂ ಒಂದು ಹೇಳಿಕೊಡು. ಊಟ ಆಯಿತಾ ಅಂತ ಕೇಳಲಿಕ್ಕೆ" ಎಂದರು. 'ಹಾಸ್ಟ್ ಡೂ ಗೆಗೆಸೆನ್' ಎಂದು ಹೇಳಿಕೊಟ್ಟೆ. ಅಲಸಂಡೆ ಮುರಿಯುತ್ತಾ ಮಧ್ಯಾಹ್ನದವರೆಗೆ ಅದನ್ನೇ ಹೇಳಿದರು. ಬುಟ್ಟಿ ಖಾಲಿಯಾಯಿತು, ವಾಕ್ಯ ಬಂತು. ನೀವು ಪರದೆಯಲ್ಲಿ ಬಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ಒಂದು ಅಕ್ಷರ ತಪ್ಪದೆ ಕೇಳಿದರಲ್ಲ! ನೀವು ಎಷ್ಟು ನಕ್ಕಿರೆಂದರೆ ತಲೆ ಕೆಳಗೆ ಹಾಕಿ ಕಣ್ಣೊರೆಸಿಕೊಂಡಿರಿ, ಫೋನು ಸಹ ಅಲ್ಲಾಡಿತು. ಆಮೇಲೆ 'ಯಾ', ಹೌದು, ಎಂದು ಇಟ್ಟುಬಿಟ್ಟಿರಿ. ಅತ್ತೆ ಸಂಜೆಯವರೆಗೂ ಖುಷಿಯಲ್ಲಿದ್ದರು. "ನನ್ನ ಮಗನಿಗೆ ನನ್ನ ಭಾಷೆ ತಿಳಿಯಿತು" ಎಂದು ಪ್ರಭಾವತಿ ಅಮ್ಮನ ಹತ್ತಿರವೂ ಹೇಳಿದರು.

ಬರೆಯಿರಿ. ನಿಮ್ಮ ಪತ್ರ ಬಂದರೆ ಆ ರಾತ್ರಿ ಸ್ವಲ್ಪ ನಿದ್ದೆ ಬರುತ್ತದೆ.

ನಿಮ್ಮ ವಿಸ್ಮಿ


ಕಾಸೆಲ್ ಹತ್ತಿರ
18 ಸೆಪ್ಟೆಂಬರ್ 2024

ವಿಸ್ಮಿ,

ಬರೆಯಲು ತಡವಾಯಿತು. ಮೂರು ಸಲ ಶುರು ಮಾಡಿ ಬಿಟ್ಟೆ.

ಅಮ್ಮನ ಜರ್ಮನ್ ನನ್ನದಕ್ಕಿಂತ ಒಳ್ಳೆಯದುಂಟು. ಅವರಿಗೆ ಒಂದೇ ವಾಕ್ಯ ಗೊತ್ತು, ಅದನ್ನು ತಪ್ಪಿಲ್ಲದೆ ಹೇಳುತ್ತಾರೆ. ನನಗೆ ಎಷ್ಟೋ ಗೊತ್ತು, ಒಂದೂ ಪೂರ್ತಿಯಾಗಿ ಹೊರಗೆ ಬರುವುದಿಲ್ಲ. ಪಾಳಿ ಬದಲಾಗುವಾಗ ಒಬ್ಬೊಬ್ಬರ ವಿವರ ಹೇಳಬೇಕು. ಊರಿನಲ್ಲಿ ಐಸಿಯುವಿನಲ್ಲಿ ಆರು ವರ್ಷ ಮಾಡಿದ ಕೆಲಸ. ಇಲ್ಲಿ ನಾನು ಬಾಯಿ ತೆರೆದರೆ, ನಡೆಯಲು ಕಲಿಯುವ ಮಗುವನ್ನು ನೋಡುವ ಹಾಗೆ ಎಲ್ಲರೂ ನೋಡುತ್ತಾರೆ, ಎಲ್ಲಿ ಬೀಳುತ್ತಾನೋ ಎಂದು. ಒಳ್ಳೆಯ ಜನ. ಬಿದ್ದರೆ ಎತ್ತುತ್ತಾರೆ. ಅದೇ ಕಷ್ಟ.

ಕಿಟಕಿ ಅಜ್ಜ ಊಟ ಬಿಟ್ಟಿದ್ದಾರೆ. ನನ್ನ ಕೈಯಿಂದ ಮಾತ್ರ ಎರಡು ಚಮಚ. ನೀನು ಬೇಡ ಎಂದಿದ್ದೀ, ಆದರೂ ಅವರ ಹತ್ತಿರ ತುಳುವೇ ಬರುತ್ತದೆ. ಇಡೀ ದಿನದಲ್ಲಿ ಯೋಚನೆ ಮಾಡದೆ ಮಾತಾಡಲು ಆಗುವುದು ಆ ಒಂದು ಹೊತ್ತು.

ಒಂದು ಭಾನುವಾರ ನಿನ್ನ ನಿಯಮಕ್ಕೆ ರಜೆ ಕೊಟ್ಟರೆ ಹೇಗೆ? ತಮಾಷೆಗೆ ಕೇಳಿದ್ದು.

ಮನು ಈಗ ಏನೇನು ಹೇಳುತ್ತಾನೆ? ಫೋನಿನಲ್ಲಿ 'ಹಾಲೋ' ಎಂದು ಓಡಿಹೋಗುತ್ತಾನೆ, ಅವನ ಬೆನ್ನು ಮಾತ್ರ ನೋಡಿ ಗೊತ್ತು.

ಜೇಪಿ


ಮೂಡುಬಿದಿರೆ
20 ಅಕ್ಟೋಬರ್ 2024

ಮನುವಿನ ಪಪ್ಪನಿಗೆ,

ಎರಡನೇ ಹಂತದ ಪರೀಕ್ಷೆ ಪಾಸಾದೆ! ಮಾತಾಡುವ ಭಾಗದಲ್ಲಿ ಕ್ಲಾಸಿಗೇ ಮೊದಲು, ರಿಫಾಳಿಗಿಂತಲೂ ಮೇಲೆ. "ನೋಡಿ, ಮಗು ಎತ್ತಿಕೊಂಡು ಕಲಿತವರು" ಎಂದು ಮೇಡಂ ಎಲ್ಲರ ಎದುರು ಹೇಳಿದರು. ಅದೆಲ್ಲ ನಮ್ಮ ನಿಯಮದಿಂದ ಬಂದದ್ದು. ಅದಕ್ಕೇ ಭಾನುವಾರದ ರಜೆ ಮಂಜೂರಿಲ್ಲ ಮಾರ್ರೆ. ಒಂದು ಸಲ ತುಳು ಬಿಟ್ಟರೆ ಕಟ್ಟೆ ಒಡೆದ ಹಾಗೆ, ನನಗೆ ನನ್ನ ಮೇಲೇ ನಂಬಿಕೆ ಇಲ್ಲ.

ನಿಮ್ಮ ಮಾತಿನಲ್ಲಿ ಈಗೀಗ ತಪ್ಪು ಹೆಚ್ಚು ಕಾಣುತ್ತದೆ. ನಾನು ತಿದ್ದಿದರೆ ಬೇಜಾರು ಮಾಡಬೇಡಿ. ನಾನಲ್ಲದೆ ಇನ್ಯಾರು ತಿದ್ದುವುದು?

ಗುರುವಾರ ಮಧ್ಯಾಹ್ನ ಯಾಕೆ ಫೋನ್ ಮಾಡಿದ್ದು? ಆ ಹೊತ್ತಿಗೆ ನೀವು ಮಾಡುವವರಲ್ಲ. ಕ್ಲಾಸಿನಲ್ಲಿದ್ದೆ, ಮೇಡಂ ಮುಖ ನೋಡಿದೆ. "ತೆಗೆಯಿರಿ, ಸ್ಪೀಕರಿಗೆ ಹಾಕಿ, ನಿಜವಾದ ಜರ್ಮನಿಯಿಂದ ಬಂದ ಫೋನು ಎಲ್ಲರೂ ಕೇಳಲಿ" ಎಂದರು ಮೇಡಂ. ಹಾಕಿದೆ. ನೀವು, "ವಿಸ್ಮೀ, ಎಂಕ್ ಮೂಳು..." ಎಂದು ತುಳುವಿನಲ್ಲೇ ಶುರು ಮಾಡಿದಿರಿ. ನಾನು, "ನೂರ್ ಡಾಯ್ಚ್! ಜರ್ಮನ್ ಮಾತ್ರ!" ಎಂದೆ. ಇಡೀ ಕ್ಲಾಸು ನಕ್ಕಿತು. ರಿಫಾ, "ಪಾಪ, ಮನೆಯಲ್ಲೂ ಹೆಡ್ ಮೇಡಂ" ಎಂದಳು. ನೀವು 'ಆಲೆಸ್ ಗೂಟ್', ಎಲ್ಲ ಸರಿ ಇದೆ, ಎಂದು ಇಟ್ಟಿರಿ. ಅಷ್ಟೇ ಆದರೂ ಉಚ್ಚಾರಣೆ ಚಂದ ಇತ್ತು ಎಂದರು ಮೇಡಂ.

ಹಳೆಯ ಆಸ್ಪತ್ರೆಯ ಪ್ರಮಾಣಪತ್ರದ ವಿಷಯವಾ? ಅದನ್ನು ಮೊನ್ನೆಯೇ ಕಳಿಸಿದ್ದೇನೆ. ಬೇರೆ ಏನಾದರೂ ಇದ್ದರೆ ಬರೆಯಿರಿ.

ನಿಮ್ಮ ವಿಸ್ಮಿ


ಕಾಸೆಲ್ ಹತ್ತಿರ
19 ನವೆಂಬರ್ 2024

ವಿಸ್ಮಿತಾ,

ಆ ದಿನ ವಿಶೇಷವೇನೂ ಇರಲಿಲ್ಲ. ಪ್ರಮಾಣಪತ್ರ ತಲುಪಿದೆ. ನಿನ್ನ ಅಂಕ ಕೇಳಿ ಸಂತೋಷವಾಯಿತು.

ನಾನು ರಾತ್ರಿ ಪಾಳಿ ಕೇಳಿ ತೆಗೆದುಕೊಂಡಿದ್ದೇನೆ. ರಾತ್ರಿ ಮಾತು ಕಡಿಮೆ. ಫೋನು ಲಾಕರಿನಲ್ಲಿ ಇಡಬೇಕು, ನಡುರಾತ್ರಿಯ ವಿರಾಮದಲ್ಲಿ ಮಾತ್ರ ತೆಗೆಯಬಹುದು.

ಕಿಟಕಿಯ ಕೋಣೆಗೆ ಹೊಸಬರು ಬಂದಿದ್ದಾರೆ. ಒಬ್ಬರು ಅಜ್ಜಿ. ಅವರಿಗೆ ಬೆಳಕು ಆಗುವುದಿಲ್ಲ, ಪರದೆ ಎಳೆದೇ ಇಡಬೇಕು.

ನೀನು ಯಾವಾಗ ಬರಬೇಕು, ಹೇಗೆ ಬರಬೇಕು ಎಂಬುದನ್ನು ನೀನೇ ನೋಡಿ ತೀರ್ಮಾನ ಮಾಡು. ಇಲ್ಲಿ ಚಳಿ ಶುರುವಾಗಿದೆ.

ಜಯಪ್ರಕಾಶ್


ಮೂಡುಬಿದಿರೆ
12 ಜನವರಿ 2025

ಮನುವಿನ ಪಪ್ಪನಿಗೆ,

ರಾತ್ರಿ ಪಾಳಿ ಕೇಳಿ ತೆಗೆದುಕೊಂಡದ್ದನ್ನು ಗ್ರೀಷ್ಮಾ ಮೇಡಂ ಹತ್ತಿರ ಹೆಮ್ಮೆಯಿಂದ ಹೇಳಿದೆ. ಓದಲು ಹೊತ್ತು ಸಿಗಲೆಂದು ನಿದ್ದೆ ಬಿಡುವ ಗಂಡಸರು ಎಷ್ಟು ಜನ ಇದ್ದಾರೆ? ಆದರೆ ಪತ್ರ ಬರೆಯಲು ಮಾತ್ರ ಹೊತ್ತಿಲ್ಲ ಎಂದು ಕಾಣುತ್ತದೆ.

ನಾನು ಬೆಂಗಳೂರಿನ ಏಜೆನ್ಸಿಗೆ ಹೆಸರು ಕೊಟ್ಟಾಯಿತು. ಫೆಬ್ರವರಿಯಿಂದ ಅಲ್ಲೇ ಉಳಿದು ಕಲಿಯಬೇಕು, ಪಾಸಾದವರನ್ನು ಅಲ್ಲಿಂದಲೇ ವಿಮಾನ ಹತ್ತಿಸುತ್ತಾರೆ. ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಮನುವಿನ ವೀಸಾ ಆಮೇಲೆ ನೋಡುವ, ಒಂದು ವರ್ಷ ಹಿಡಿಯಬಹುದು ಎನ್ನುತ್ತಾರೆ. ಅಲ್ಲಿಯವರೆಗೆ ಅವನು ಅತ್ತೆಯ ಹತ್ತಿರ ಇರಲಿ. ಮಾವ ಅದಕ್ಕೋಸ್ಕರವೇ ಮನೆಗೆ ವೈಫೈ ಹಾಕಿಸಿದ್ದಾರೆ, ನೀವು ಅವನನ್ನು ದಿನಾ ನೋಡಬಹುದು.

ಇದನ್ನೆಲ್ಲ ಕಳೆದ ವಾರ ಫೋನಿನಲ್ಲಿ ಹೇಳಿದೆನಲ್ಲ. ವಾಕ್ಯಗಳನ್ನು ಎರಡು ದಿನ ಅಭ್ಯಾಸ ಮಾಡಿದ್ದೆ, ಒಂದೂ ತಪ್ಪಲಿಲ್ಲ. ನೀವು 'ಗೂಟ್' ಎಂದಿರಿ. ಒಪ್ಪಿಗೆ ಎಂದೇ ತಿಳಿದುಕೊಂಡಿದ್ದೇನೆ. ಬೇರೆ ಏನಾದರೂ ಇದ್ದರೆ ಈಗಲೇ ಬರೆಯಿರಿ. ಆಮೇಲೆ ತಿರುಗಿ ಬರಲು ಆಗುವುದಿಲ್ಲ.

ಮನು ಚೆನ್ನಾಗಿದ್ದಾನೆ. ನಿಮ್ಮನ್ನು ದಿನಾ ಕೇಳುತ್ತಾನೆ.

ನಿಮ್ಮ ವಿಸ್ಮಿ


ಮೂಡುಬಿದಿರೆ
9 ಫೆಬ್ರವರಿ 2025

ಮನುವಿನ ಪಪ್ಪನಿಗೆ,

ಈಗ ರಾತ್ರಿ ಎರಡೂ ಇಪ್ಪತ್ತು. ಈ ಸಲ ಎಬ್ಬಿಸಿದ್ದು ಹಾಸ್ಟೆಲಿನ ಗಂಟೆಯಲ್ಲ.

ಅತ್ತೆ ಮನುವನ್ನು ಕರೆದುಕೊಂಡು ಹೋಗಲು ನಿನ್ನೆ ಸಂಜೆ ಬಂದಿದ್ದಾರೆ, ಅವನ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ್ದಾರೆ. ಕತ್ತಲೆಯಲ್ಲಿ ಏನೋ ಗುಣುಗುಣು ಕೇಳಿತು. ದೇವರ ಹೆಸರು ಹೇಳುತ್ತಿದ್ದಾರೆ ಅಂದುಕೊಂಡೆ. ಕಿವಿ ಕೊಟ್ಟೆ. "ಹಾಸ್ಟ್ ಡೂ ಗೆಗೆಸೆನ್. ಹಾಸ್ಟ್ ಡೂ ಗೆಗೆಸೆನ್. ಡಾಸ್ ಕಿಂಡ್..." ಅಲ್ಲಿಗೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಪುನಃ ಮೊದಲಿನಿಂದ. 'ಮಗು ಮಲಗಿದೆ' ಎನ್ನುವುದನ್ನು ಮಲಗುವ ಮೊದಲು ನಾನೇ ಕಲಿಸಿದ್ದು. ಇನ್ನು ಮೇಲೆ ಫೋನು ಹಿಡಿಯುವವರು ಅವರಲ್ಲವಾ, ನಿಯಮ ತಪ್ಪಬಾರದು ಎಂದು ಹೇಳಿದ್ದೆ. ಹೌದು ಹೌದು ಎಂದು ತಲೆಯಾಡಿಸಿದ್ದರು. ಹೆತ್ತ ಮಗನ ಹತ್ತಿರ ಮಾತಾಡಲು ಹೆದರಿ ಈ ಹೊತ್ತಿನಲ್ಲಿ ಒಬ್ಬರೇ ಬಾಯಿಪಾಠ ಮಾಡುತ್ತಿದ್ದಾರೆ. ನಾನು ಎದ್ದದ್ದು ತಿಳಿದು ಸುಮ್ಮನಾದರು. ನಿದ್ದೆ ಬಂದಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತದೆ. ನಾನು ಸ್ನಾನದ ಕೋಣೆಯ ಹೊಸ್ತಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕಳೆದ ಪತ್ರದಲ್ಲಿ ಬರೆದದ್ದು ಸುಳ್ಳು. ಮನು ನಿಮ್ಮನ್ನು ಕೇಳುವುದಿಲ್ಲ. ಫೋನು ಬಂದರೆ 'ಹಾಲೋ ಬಂತು' ಎನ್ನುತ್ತಾನೆ. ಹಾಲೋ ಎಂದರೆ ನೀವು.

ನಿನ್ನೆ ಅತ್ತೆ ಅವನನ್ನು ತೊಡೆಯಲ್ಲಿ ಕೂರಿಸಿಕೊಂಡು, "ನಾಳೆ ನಮ್ಮ ಮನೆಯಿಂದ ಪಪ್ಪನಿಗೆ ಫೋನ್ ಮಾಡುವ, ಆಯಿತಾ? ಕರು ಹಾಕಿದ್ದು ಹೇಳುವ, ಕೋಳಿ ಮರ ಹತ್ತಿದ್ದು ಹೇಳುವ" ಎಂದರು. ಅವನು ದೊಡ್ಡವರ ಹಾಗೆ ಕೈ ಅಲ್ಲಾಡಿಸಿ, "ಪಪ್ಪಗ್ ತುಳು ಬರ್ಪುಜಿ" ಎಂದ. ಪಪ್ಪನಿಗೆ ತುಳು ಬರುವುದಿಲ್ಲವಂತೆ.

ಅತ್ತೆ ಮೊದಲು ನಕ್ಕರು. "ಯಾರು ಹೇಳಿದ್ದು ಮಾರಾಯ? ನಿನ್ನ ಪಪ್ಪ ಸಣ್ಣದಿರುವಾಗ ನಮ್ಮ ಹಟ್ಟಿಯ ದನಗಳಿಗೆಲ್ಲ ತುಳುವಿನಲ್ಲೇ ಬೈಯುತ್ತಿದ್ದ. ಬಸ್ಸಿನ ಕಂಡಕ್ಟರ್ ಸಹ ಹೆದರುತ್ತಿದ್ದ ಅವನ ಬಾಯಿಗೆ."

ಮನು ಒಪ್ಪಲಿಲ್ಲ. "ಇಲ್ಲ ಅಜ್ಜಿ, ಬರುವುದಿಲ್ಲ. ಅಮ್ಮನ ಹತ್ತಿರ ಕೇಳಿ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಬ್ಯಾಗಿನ ಜಿಪ್ ಹಾಕುತ್ತಾ ಇದ್ದೆ. ಬರುತ್ತದೆ ಮಗಾ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ಯಾಕೆ ಮಾತಾಡುವುದಿಲ್ಲ ಎಂದು ಅವನು ಕೇಳುತ್ತಿದ್ದ. ಅವನಿಗೆ ಯಾಕೆ ಎಂದು ಕೇಳುವ ಪ್ರಾಯ ಈಗ ಶುರುವಾಗಿದೆ. ನಾನು ಜಿಪ್ ಹಾಕಿದೆ. ಅತ್ತೆ ಅವನನ್ನು ಕೆಳಗೆ ಇಳಿಸಿ ಅಡುಗೆಮನೆಗೆ ಹೋದರು, ತೊಳೆದ ಪಾತ್ರೆಯನ್ನೇ ಪುನಃ ತೊಳೆದರು. ಆಮೇಲೆ ಬಂದು, "ನನಗೆ ಇನ್ನೆರಡು ವಾಕ್ಯ ಹೇಳಿಕೊಡು ವಿಸ್ಮಿತಾ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಅವನು ಅದನ್ನು ಹೇಳಿದ್ದು ಮೊದಲ ಸಲವಲ್ಲ. ಕ್ರಿಸ್‌ಮಸ್ ರಜೆಯಲ್ಲೇ ಒಮ್ಮೆ ಹೇಳಿದ್ದ. ಆಗ ನಾನು ನಕ್ಕು ರಿಫಾಳಿಗೆ ಫೋನ್ ಮಾಡಿ ಹೇಳಿದ್ದೆ. ಅವಳು ನಗಲಿಲ್ಲ. "ಅಕ್ಕಾ, ಇದನ್ನು ಅವರ ಹತ್ತಿರ ಹೇಳಬೇಡಿ" ಎಂದಳು. ಹೇಳಲಿಲ್ಲ. ನೀವು ನನ್ನಿಂದ ಏನೇನು ಮುಚ್ಚಿಟ್ಟಿರಿ ಎಂದು ಕೇಳುವ ಮುಖ ನನಗಿಲ್ಲ.

ಆದರೂ ಕೇಳುತ್ತೇನೆ. ಕಿಟಕಿಯ ಕೋಣೆಗೆ ಹೊಸಬರು ಬಂದಿದ್ದಾರೆ ಎಂದು ನೀವು ಬರೆದಾಗ, ಹಳಬರು ಎಲ್ಲಿಗೆ ಹೋದರು ಎಂದು ನಾನು ಕೇಳಲೇ ಇಲ್ಲ. ನಾನೂ ನರ್ಸ್. ಅಂಥ ಕೋಣೆ ಹೇಗೆ ಖಾಲಿಯಾಗುತ್ತದೆ ಎಂದು ನನಗೆ ಗೊತ್ತಿಲ್ಲವಾ? ಅತ್ತೆಯ ಗುಣುಗುಣು ಕೇಳುತ್ತಾ ಮಲಗಿದ್ದಾಗ ಅದು ನೆನಪಾಯಿತು, ಆಮೇಲೆ ಮಲಗಲು ಆಗಲಿಲ್ಲ. ಅಜ್ಜ ತೀರಿಹೋದದ್ದು ಆ ಗುರುವಾರ ಅಲ್ಲವಾ? ದಿನಕ್ಕೆ ಒಂದು ಹೊತ್ತು ನೀವು ತುಳು ಮಾತಾಡುತ್ತಿದ್ದುದು ಅವರೊಬ್ಬರ ಹತ್ತಿರ. ಅವರು ಹೋದ ದಿನ ನಿಮಗೆ ಮಾತಾಡಲು ನಾನೇ ಉಳಿದದ್ದು. ನಾನು ನಿಮ್ಮನ್ನು ಸ್ಪೀಕರಿಗೆ ಹಾಕಿದೆ. ಕ್ಲಾಸಿನ ಹದಿನಾಲ್ಕು ಜನ ನಗುವ ಹಾಗೆ ಮಾಡಿದೆ.

ಅತ್ತೆ ಊಟ ಆಯಿತಾ ಎಂದು ಕೇಳಿದ ದಿನವೂ ನೀವು ನಕ್ಕದ್ದಲ್ಲ. ಈಗ ಗೊತ್ತಾಗುತ್ತದೆ. ಭಾನುವಾರದ ರಜೆ ಕೇಳಿದ್ದು ತಮಾಷೆಗಲ್ಲ. ರಾತ್ರಿ ಪಾಳಿ ಓದಲಿಕ್ಕಲ್ಲ. ಮಾತು ಕಡಿಮೆ ಎಂದು ನೀವೇ ಬರೆದಿದ್ದಿರಿ, ನಾನು ಅದನ್ನು ಓದಿಯೂ ಮೇಡಂ ಹತ್ತಿರ ಹೋಗಿ ಹೆಮ್ಮೆಪಟ್ಟೆ. ನೀವು ಅಲ್ಲಿ ಎಲ್ಲರ ಎದುರು ಬಿದ್ದು ಬಿದ್ದು ಸಾಕಾಗಿ ಮನೆಗೆ ಫೋನ್ ಮಾಡಿದರೆ ಇಲ್ಲಿ ನಾನೂ ತಿದ್ದಲು ಕೂತಿದ್ದೆ.

ಜನವರಿಯ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಗೂಟ್ ಎಂದಿರಿ. ಬಾ ಎಂದೋ, ಬರಬೇಡ ಎಂದೋ, ಮಗುವನ್ನು ಬಿಟ್ಟು ಬರುತ್ತೀಯಾ ಎಂದೋ, ನಾನೇ ಹಿಂದೆ ಬರುತ್ತೇನೆ ಎಂದೋ. ಆ ಒಂದು ಶಬ್ದದಲ್ಲಿ ಯಾವುದಿತ್ತು? ತುಳುವಿನಲ್ಲಿ ಆಗಿದ್ದರೆ ನೀವು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾವು ಎಷ್ಟು ಜಗಳ ಮಾಡಿದ್ದೇವೆ, ಮೆಲ್ಕಾರಿನ ಆ ಸಣ್ಣ ಕೋಣೆಯಲ್ಲಿ? ಒಂದೂ ಮರುದಿನಕ್ಕೆ ಉಳಿದಿರಲಿಲ್ಲ. ಈ ಎಂಟು ತಿಂಗಳಲ್ಲಿ ಒಂದು ಜಗಳವಿಲ್ಲ. ಅದನ್ನು ನಾನು ಒಳ್ಳೆಯ ಲಕ್ಷಣ ಎಂದುಕೊಂಡಿದ್ದೆ. ಜಗಳ ಮಾಡುವಷ್ಟು ಜರ್ಮನ್ ನಮ್ಮಿಬ್ಬರಿಗೂ ಬರುವುದಿಲ್ಲ, ಅಷ್ಟೆ.

ಮೂರು ಸಲ ಫೋನ್ ಮಾಡಿದೆ. ಆಫ್ ಉಂಟು, ಲಾಕರಿನಲ್ಲಿರಬೇಕು. ನಿಮ್ಮ ನಡುರಾತ್ರಿಯ ವಿರಾಮ ಎಂದರೆ ಇಲ್ಲಿಗೆ ಬೆಳಗಿನ ಜಾವ. ಆಗ ಫೋನು ತೆಗೆದರೆ ಮೊದಲು ಇದು ಸಿಗಲಿ ಎಂದು ಬರೆಯುತ್ತಿದ್ದೇನೆ. ಆರೂವರೆಗೆ ಏಜೆನ್ಸಿಯ ವ್ಯಾನು ಓಣಿಯ ಬಾಯಿಗೆ ಬರುತ್ತದೆ. ಅದೇ ಹೊತ್ತಿಗೆ ಅತ್ತೆ ಮನುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಡುತ್ತಾರೆ. ಅವನು ಅರ್ಧ ನಿದ್ದೆಯಲ್ಲಿರುತ್ತಾನೆ. ಬೆಳ್ತಂಗಡಿ ಬರುವಾಗ ಎಚ್ಚರವಾಗಿ ನನ್ನನ್ನು ಹುಡುಕುತ್ತಾನೆ. ಸ್ವಲ್ಪ ದಿನ ಕಳೆದರೆ ನಾನೂ ಇನ್ನೊಂದು ಹಾಲೋ ಆಗುತ್ತೇನೆ. ಹೋಗು ಎಂದು ನೀವು ಹೇಳಿದರೆ ಹೋಗುತ್ತೇನೆ. ಬೇಡ ಎಂದರೆ ವ್ಯಾನನ್ನು ಕಳಿಸಿಬಿಡುತ್ತೇನೆ, ಬೆಳಗಾದ ಮೇಲೆ ಯಾರು ಏನು ಬೇಕಾದರೂ ಹೇಳಲಿ. ನಿಮಗೇ ಬರಬೇಕು ಅನಿಸಿದರೆ ಬನ್ನಿ. ಅರ್ಧ ಕಲಿತು ಬಂದ ಎನ್ನುವವರಿಗೆ ಉತ್ತರ ಕೊಡಲು ನಾನಿದ್ದೇನೆ. ಆದರೆ ನಿಮ್ಮ ಬಾಯಿಂದ ಕೇಳದೆ ಈ ಮಗುವನ್ನು ನನ್ನ ಸೊಂಟದಿಂದ ಇಳಿಸಲು ನನ್ನಿಂದ ಆಗುವುದಿಲ್ಲ.

ನಿಯಮ ಹಾಕಿದ್ದು ನಾನು. ತೆಗೆದುಹಾಕಿದ್ದೇನೆ. ಏನನ್ನೂ ತಿದ್ದುವುದಿಲ್ಲ.

ಫೋನ್ ಮಾಡಿ. ಮನುವನ್ನು ಎಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡಿರುತ್ತೇನೆ. ಮೊದಲು ಅವನಿಗೇ ಕೊಡುತ್ತೇನೆ, ಅವನ ಹತ್ತಿರ ತುಳುವಿನಲ್ಲಿ ಒಂದು ಮಾತು ಆಡಿ, ಬೈದರೂ ಆಗಬಹುದು. ಆಮೇಲೆ ಅತ್ತೆಗೆ ಕೊಡುತ್ತೇನೆ, ಊಟ ಆಯಿತಾ ಎಂದು ಅವರ ಬಾಯಿಗೆ ಬಂದ ಹಾಗೆ ಕೇಳಲಿ. ಕೊನೆಗೆ ನನಗೆ. ನನ್ನ ಹತ್ತಿರ ಮೊದಲಿನಿಂದ ಶುರು ಮಾಡುವುದು ಬೇಡ. ಆ ಗುರುವಾರ "ಎಂಕ್ ಮೂಳು", ನನಗೆ ಇಲ್ಲಿ, ಎಂದಲ್ಲಿಗೆ ನಾನು ನಿಲ್ಲಿಸಿದೆನಲ್ಲ, ಅಲ್ಲಿಂದ ಮುಂದೆ ಹೇಳಿ. ಎಷ್ಟು ಹೊತ್ತಾದರೂ ಕೇಳುತ್ತೇನೆ.

ಹಾಸ್ಟೆಲಿನ ಗಂಟೆ ಬಾರಿಸುವ ಮೊದಲು ಮಾಡಿ, ಇಲ್ಲದಿದ್ದರೆ ಬಾರಿಸಿದ ಮೇಲಾದರೂ ಮಾಡಿ. ದಮ್ಮಯ್ಯ ಮಾರ್ರೆ, ಬೆಳಗಾಗುವ ಮೊದಲು ಒಮ್ಮೆ ಫೋನ್ ಮಾಡಿ.